ಹೊಸ್ತಿಲ ದೋಣಿ

ಜೋಳದ ಚೀಲ ಹೊತ್ತು ನಾನು ಮಲ್ಲಣ್ಣನ ಹಿಟ್ಟಿನ ಗಿರಣಿಗೆ ಬಂದಾಗ ಮಳೆ ಇನ್ನೂ ಹನಿಯುತ್ತಿತ್ತು. ನನ್ನ ಸರದಿ ಬರುವಷ್ಟರಲ್ಲಿ ಅದು ಧೋ ಎಂದು ಸುರಿಯತೊಡಗಿತು, ಕರೆಂಟು ಹೋಯಿತು, ಗಿರಣಿ ಗೊರಗೊರ ಎಂದು ನಿಂತೇಬಿಟ್ಟಿತು. ಇದು ಕೃಷ್ಣೆಯ ಹಿನ್ನೀರಿನ ದಂಡೆಯ ಊರು. ಹಳೆಯ ಊರು ಮುಳುಗಡೆಯಾದ ಮೇಲೆ ಜನರಿಗೆ ಕೊಟ್ಟ ಪ್ಲಾಟುಗಳಲ್ಲಿ ಎದ್ದದ್ದು. ನಾನು ಇಲ್ಲಿಯ ಶಾಲೆಗೆ ವರ್ಗವಾಗಿ ಬಂದು ಇನ್ನೂ ಒಂದು ಮಳೆಗಾಲ ಕಳೆದಿರಲಿಲ್ಲ. ಇಲ್ಲಿ ಮಳೆ ಮತ್ತು ಕರೆಂಟು ಒಟ್ಟಿಗೆ ಇರುವುದಿಲ್ಲ ಎಂಬುದನ್ನು ಮಾತ್ರ ಚೆನ್ನಾಗಿ ಕಲಿತಿದ್ದೆ.

ಸಂಜೆಯ ಬೆಳಕು ಪೂರ್ತಿ ಹೋಗಿರಲಿಲ್ಲ. ಮಲ್ಲಣ್ಣ ಕಂದೀಲು ಹಚ್ಚಿ ಮೊಳೆಗೆ ತೂಗುಹಾಕಿದ. ಹಿಟ್ಟಿಗಾಗಿ ಕಾಯುತ್ತಿದ್ದ ಐದಾರು ಮಂದಿ ಚೀಲಗಳ ಮೇಲೆಯೇ ಕುಳಿತರು. ಅವರಲ್ಲಿ ಹಳೆಯ ಬಟ್ಟೆ ಜೋಡಿಸಿ ಕೌದಿ ಹೊಲಿಯುವ ಶಮ್ಶುನ್ನೀಸಾ ಆಯಿ ಇದ್ದಳು. ಎಪ್ಪತ್ತು ದಾಟಿದ ಮುದುಕಿ, ಮೂಗಿನ ತುದಿಯಲ್ಲೇ ಸಿಟ್ಟು. ಅವಳ ಪಕ್ಕದಲ್ಲಿ ಮೊಮ್ಮಗಳು ಸಿದ್ದೀಕಾ. ಒಳಗೆ ಜಾಗವಿಲ್ಲದೆ ನಾನು ಬಾಗಿಲ ಹೊಸ್ತಿಲ ಮೇಲೆ ಕುಳಿತೆ. ಮಲ್ಲಣ್ಣ ಹೊಸ ಬಾಗಿಲು ಕೂರಿಸಿ ತಿಂಗಳೂ ಆಗಿರಲಿಲ್ಲ, ಆದರೆ ಹೊಸ್ತಿಲು ಮಾತ್ರ ಹಳೆಯದು, ಕಪ್ಪಗಾದ ದಪ್ಪ ಸಾಗವಾನಿ. ಅದರ ನಟ್ಟನಡುವೆ ಅಂಗೈಯಗಲದ ಚೌಕ ಸಿಮೆಂಟಿನ ತೇಪೆ. ಮಾಡಲು ಬೇರೆ ಕೆಲಸವಿಲ್ಲದೆ ಅದರ ಅಂಚನ್ನು ಬೆರಳಿನಿಂದ ಸವರುತ್ತಿದ್ದೆ.

"ಏಳ್ರಿ ಮಾಸ್ತರ ಅಲ್ಲಿಂದ! ಹೊಸ್ತಲ ಮ್ಯಾಲ ಯಾರರೆ ಕುಂದರತಾರೇನು?" ಎಂದು ಆಯಿ ಗದರಿದಳು.

ನಾನು ನಕ್ಕು ಅಲ್ಲೇ ಕುಳಿತೆ. ಹೊರಗೆ ಮಳೆ, ಒಳಗೆ ಚೀಲ, ಏಳುವುದಾದರೂ ಎಲ್ಲಿಗೆ? ಅಷ್ಟರಲ್ಲಿ ಎಲ್ಲಿಂದಲೋ ಸದ್ದು ಬಂತು. ಟಕ್... ಟಕ್... ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಕ್.

"ತಗಡ ಸೋರಾಕತ್ತೇತಿ," ಎಂದ ಮಲ್ಲಣ್ಣ. "ಡಬ್ಬಿ ಮ್ಯಾಲ ಹನಿ ಬೀಳಾಕತ್ತೇತಿ, ಅಷ್ಟ."

"ಹನಿ!" ಆಯಿಯ ಮುಖ ಕಂದೀಲಿನ ಬೆಳಕಿನಲ್ಲಿ ಗಂಟುಗಂಟಾಯಿತು. "ಹನಿ ಅಂತ ಅನ್ನಪಾ. ನಿಮ್ಮಪ್ಪನೂ ಆವತ್ತ ಹಿಂಗ ಅಂದು ಹೊಚಗೊಂಡ ಮಲಗಿದ್ದ. ಮಾಸ್ತರ, ನೀವು ಹೊರಗಿನವರು, ನಿಮಗ ಹೇಳ್ತೇನಿ. ಇವರಿಗೆಲ್ಲಾ ಅರ್ಧಾ ಗೊತ್ತೈತಿ, ಗೊತ್ತಿದ್ದೂ ಬಾಯಿ ಹೊಲಕೊಂಡ ಕುಂತಾರ. ಇವತ್ತ ಪೂರಾ ಕೇಳ್ರಿ."

ಯಾರೂ ಬೇಡವೆನ್ನಲಿಲ್ಲ. ಆಯಿ ಸೆರಗು ಬಿಗಿದುಕೊಂಡು ಶುರು ಮಾಡಿದಳು.

*

ಬಸಂತರಾಯನ್ನ ನೀವು ನೋಡಿಲ್ಲ. ನೋಡದಿದ್ದದ್ದ ಚೊಲೋ ಆತು. ಹಳೇ ಊರಾಗ ಅಂವಂದು ದೊಡ್ಡ ಮನಿ, ನಮ್ಮ ಗ್ವಾಡಿಗೆ ಅವರ ಗ್ವಾಡಿ ಹತ್ತಿತ್ತು. ಅವರವ್ವ ರುಕ್ಮವ್ವ ನನಗ ಹಡದವ್ವನಂಗ ಇದ್ದಾಕಿ. ನಾ ಲಚ್ಯಾಣದಿಂದ ಲಗ್ನಾಗಿ ಬಂದಾಕಿ. ತವರಿಗೆ ಹೊಂಟಾಗೊಮ್ಮೆ ಆಕಿ ನನ್ನ ತನ್ನ ಬಾಗಲದಾಗ ನಿಂದ್ರಿಸಿ ಉಡಿ ತುಂಬತಿದ್ಲು. ಮುಸಲ್ಮಾನರಾಕಿ ಅಂತ ಒಂದಿನ ಕೈ ಹಿಂದ ತಗೀಲಿಲ್ಲ. ಉಡಿ ತುಂಬೂದಂದ್ರ ಏನ್ರಿ ಮಾಸ್ತರ? ಬರೇ ಅಕ್ಕಿ, ಕೊಬ್ಬರಿ, ಖಣ ಸೆರಗಿಗೆ ಹಾಕೂದಲ್ಲ. ಈ ಬಾಗಲಾ ನಿನಗ ತಗದಿರತೈತಿ, ಮತ್ತ ಬಾ ಅಂತ ಹೇಳೂದು. ಹೆಣ್ಣಮಗಳನ್ನ ಬರೀ ಉಡಿಲೆ ಕಳಿಸಿದ್ರ, ಇನ್ನ ನಿನಗಿಲ್ಲಿ ಯಾರೂ ಇಲ್ಲ ಅಂತ ಮುಖಕ್ಕ ಹೊಡದಂಗ.

ಆಕಿಗೆ ಒಬ್ಬಾಕಿನ ಮಗಳು, ಜಯಮಾಲಾ. ಬಸಂತರಾಯನ ಬೆನ್ನಿಗೆ ಬಿದ್ದಾಕಿ. ಸಿಂದಗಿ ಕಡೆ ಕೊಟ್ಟಿದ್ರು. ಕೊಟ್ಟ ಮನಿಯಾಗ ದನಕ್ಕ ಬಡದಂಗ ಬಡೀತಿದ್ರು. ಒಂದ ಮಳಿಗಾಲದಾಗ ಆಕಿ ತಡಕೊಳ್ಳಾರದ ಉಟ್ಟ ಸೀರಿಮ್ಯಾಲ ಓಡಿ ಬಂದ್ಲು. ಇಂಥಾದ್ದ ಮಳಿ. ಬಂದು ತವರಮನಿ ಬಾಗಲಾ ಬಡದ್ಲು. ಅಣ್ಣ ಅನ್ನಿಸಿಕೊಂಡಾಂವಾ ಏನ ಮಾಡಬೇಕಿತ್ತು? ಎದ್ದು ತಗೀಬೇಕಿತ್ತಲ್ಲಾ? ಈ ಭಾಡ್ಯಾ ಚಿಲಕಾ ಜಡದು ಬಾಗಲಕ್ಕ ಬೆನ್ನ ಕೊಟ್ಟ ಕುಂತ. "ಈ ಮನಿ ಬಾಗಲಾ ನಿನಗ ಮುಚ್ಚೇತಿ, ಬಂದ ದಾರಿ ಹಿಡಿ" ಅಂದ. ಹೊರಗಿಂದ ಮಗಳು ಬಡೀತಾಳ, ಒಳಗಿಂದ ಅವ್ವ ಬಡೀತಾಳ, "ಬಾಗಲಾ ತಗಿಯೋ ಬಸೂ, ಬಾಗಲಾ ತಗಿ"... ನಡುವ ಇಂವಾ ಕಲ್ಲಿನಂಗ ಕುಂತಾನ. ನಾ ಆಗ ಬಾಣಂತಿ, ತವರಾಗಿದ್ದೆ. ಆದ್ರ ಇಡೀ ಓಣಿ ಕೇಳೇತಿ! ಒಬ್ಬರೂ ಏಳಲಿಲ್ಲ. ದೊಡ್ಡ ಮನಿ ಉಸಾಬರಿ ನಮಗ್ಯಾಕಂತ.

ಬೆಳಕ ಹರದಾಗ ಬಾಗಲಾ ತಗದ್ರ, ಹೊಸ್ತಲ ಮ್ಯಾಲ ಹಸರ ಬಳಿ ಚೂರು ಬಿದ್ದಿದ್ದವು. ಜಯಮಾಲಾ ಇರಲಿಲ್ಲ. ಹೊಳಿಗೆ ಹೋದ್ಲೋ, ಯಾವುದರೆ ಬಸ್ಸ ಹತ್ತಿದ್ಲೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ರುಕ್ಮವ್ವ ಮಗನ ಕೂಡ ಮತ್ತ ಒಂದ ಮಾತ ಆಡಲಿಲ್ಲ. ಹಗಲೆಲ್ಲಾ ಬಾಗಲದಾಗ ಕುಂದರತಿದ್ಲು, ಚಿಲಕಾ ಹಾಕಗೊಡತಿದ್ದಿಲ್ಲ. ಮುಂದ ಡ್ಯಾಮಿನ ನೀರ ಬಂತು, ಮುಳಗಡಿ ಆತು, ಊರವರೆಲ್ಲಾ ತಮ್ಮತಮ್ಮ ಬಾಗಲಾ, ತೊಲಿ, ಜಂತಿ ಕಿತಗೊಂಡ ಟ್ರ್ಯಾಕ್ಟರಿಗೆ ಹೇರಿದ್ರು. ರುಕ್ಮವ್ವ ಮಾತ್ರ ಎರಡೂ ಕೈ ಅಗಲ ಮಾಡಿ ಅಡ್ಡ ನಿಂತ್ಲು. "ನನ್ನ ಬಾಗಲಾ ಮುಟ್ಟಬ್ಯಾಡ್ರಿ. ನನ್ನ ಮಗಳು ಬಂದ್ರ ಮನಿ ಗುರುತು ಹೆಂಗ ಸಿಗಬೇಕು?" ಅಂದ್ಲು. ಆಕಿನ್ನ ಹೊತ್ತ ಟ್ರ್ಯಾಕ್ಟರಿಗೆ ಹಾಕಿದ್ರು, ಬಾಗಲಾ ಅಲ್ಲೇ ಉಳೀತು. ಇಲ್ಲಿ ಬಂದು ವರ್ಷ ಅನ್ನೂದರೊಳಗ ಆಕಿ ಸತ್ತಳು. ಮಣ್ಣಿಗೆ ನಾನೂ ಹೋಗಿದ್ದೆ. ಸತ್ತ ಮುಖದಾಗೂ ಸಿಟ್ಟ ಇಳದಿರಲಿಲ್ಲ ನೋಡ್ರಿ. ಹಲ್ಲ ಕಚಗೊಂಡ ಹೋಗ್ಯಾಳ.

ಇದು ಹಿಂದಿನ ಮಾತು. ಈಗಿಂದು ಹೇಳ್ತೇನಿ.

ಬಸಂತರಾಯನ ಮಗ ಅನಿಲ. ಅಪ್ಪನ ಹೊಟ್ಟ್ಯಾಗ ಇಂಥಾ ಹುಡುಗ ಹೆಂಗ ಹುಟ್ಟಿದ್ನೋ, ಅಷ್ಟ ಮೆತ್ತಗಿನಾಂವಾ. ಗೋವಾದಾಗ ದೋಣಿ ಕಟ್ಟೂ ಕೆಲಸ ಕಲತ ಬಂದಿದ್ದ. "ಆಯಿ, ನಮ್ಮ ಹಿನ್ನೀರಿನ್ಯಾಗ ಗಾಳಿಲೆ ಓಡೂ ದೋಣಿ ಬಿಡ್ತೇನಿ, ಮೋಟಾರ ಬ್ಯಾಡ, ಎಣ್ಣಿ ಬ್ಯಾಡ, ಹಕ್ಕಿಯಂಗ ಹೊಂಡತೈತಿ" ಅಂತಿದ್ದ. ಸಣ್ಣ ದೋಣಿ, ನಾಕೈದು ಮಂದಿ ಕುಂದ್ರೂವಷ್ಟು. ಪಕ್ಕೆಲಬಿನಂಗ ಬಾಗಿದ ಜಾಲಿ ಟೊಂಗಿ ಆರಿಸಿ ತಂದ. ಹಾಯಿ ಕಟ್ಟೂ ಕಂಬಕ್ಕ ನೆಟ್ಟಗಿನ ನೀಲಗಿರಿ ತಂದ. ಮತ್ತ ಬುಡಕ್ಕ? ಬುಡಕ್ಕ ಗಟ್ಟಿ ಕಟಗಿ ಬೇಕಲ್ಲಾ?

ಆ ಬ್ಯಾಸಿಗ್ಯಾಗ ನೀರ ಭಾಳ ಇಳದಿತ್ತು. ಹಳೇ ಊರು ಕೆಸರಾಗ ಎದ್ದ ಕುಂತಿತ್ತು. ಎಲ್ಲಾರ ಮನಿ ಮಣ್ಣಾಗಿದ್ವು, ದೊಡ್ಡ ಮನಿ ಕಲ್ಲಿನ ಗ್ವಾಡಿ, ರುಕ್ಮವ್ವನ ಬಾಗಲಾ ಅಷ್ಟ ನಿಂತಿದ್ವು. ಬಸಂತರಾಯ ಬೂಟ ಹಾಕ್ಕೊಂಡ ಹೋಗಿ ನೋಡಿ, "ಇಷ್ಟ ವರ್ಷ ನೀರಾಗಿದ್ರೂ ಕುಂದಿಲ್ಲ, ಕೀಳ್ರಿ" ಅಂದ. ನಾ ಹೋಗಿ ಅಡ್ಡ ನಿಂತೆ. "ಹೇಳ ಹೋದಾಳ ನಿಮ್ಮವ್ವ, ಮುಟ್ಟಬ್ಯಾಡ" ಅಂದೆ. "ನನ್ನ ಮನಿ, ನನ್ನ ಬಾಗಲಾ. ನೀ ಕೌದಿ ಹೊಲಿ ಹೋಗು" ಅಂದ. ನನ್ನ ಕಣ್ಣ ಮುಂದ ಹಾರಿಲೆ ಎಬ್ಬಿದ್ರು. ಕಟಗಿ ಬಿಟ್ಟಗೊಡುವಾಗ ಕಿರ್ರ್ ಅಂತ ಹೆಣ್ಣಮಗಳು ಅತ್ತಂಗ ಅತ್ತಿತು... ಅನಿಲ ಒಂದ ಗಳಿಗಿ ಕೈ ಬಿಟ್ಟ. ಅಪ್ಪ ಕಣ್ಣ ಕೆಂಪ ಮಾಡಿದ ಕೂಡ್ಲೆ ಮತ್ತ ಹಿಡದ.

ಚೌಕಟ್ಟಿನ ಎರಡ ತೋಳು ಜೋಡಿಸಿ ದೋಣಿಗೆ ಬೆನ್ನ ಮಾಡಿದ. ಬಾಗಲದ ಹಲಗಿ ಮಗ್ಗಲಿಗೆ ಹೋದ್ವು. ಹೊಸ್ತಲ ಅದಲ್ಲಾ, ಅದನ್ನ ದೋಣಿ ಹೊಟ್ಟ್ಯಾಗ ಅಡ್ಡ ಕೂಡಿಸಿ, ನಡುವ ಚೌಕ ತೂತ ಕೊರದು, ಆ ತೂತಿನ್ಯಾಗ ಕಂಬ ನಿಂದ್ರಿಸಿದ. ಹಲಗಿ ಸಂದಿಗೆಲ್ಲಾ ಹತ್ತಿ ತುಂಬಿ ಡಾಂಬರ ಹೊಯ್ದ. ಹಾಯಿ ಹೊಲಿಯಾಕ ನನಗ ಹೇಳಿದ. ಕೌದಿ ಹೊಲಿಯೂ ಕೈ, ಹರದ್ರ ಗಾಳಿ ಹರೀಬೇಕು ಹೊರತು ಹೊಲಗಿ ಬಿಚ್ಚಬಾರದು ಅಂತ ಎರಡೆರಡ ಸಲ ಹೊಲದೆ. ಆ ಹುಡುಗನ ಮ್ಯಾಲ ನನಗ ಜೀವ, ಏನ ಮಾಡೂದು?

ಆದ್ರ ಮಾಸ್ತರ, ಹಲಗಿ ಎಲ್ಲಾ ಒಣಗಿದ್ವು, ಹೊಸ್ತಲ ಮಾತ್ರ ಒಣಗಲಿಲ್ಲ. ಬಿಸಲಿಗೆ ಇಟ್ರೂ ಅಷ್ಟ, ಒಲಿ ಮಗ್ಗಲ ಇಟ್ರೂ ಅಷ್ಟ, ಮುಂಜಾನೆದ್ದ ನೋಡಿದ್ರ ಈಗ ನೀರಾಗಿಂದ ತಗದಂಗ ತೊಟ್ಟಿಕ್ಕತಿತ್ತು. ತೂತ ಕೊರಿಯುವಾಗ ಉಳಿಗೆ ಹೊಟ್ಟ ಬರಲಿಲ್ಲ, ನೀರ ಬಂತು. ಹಾಯಿ ಕಟ್ಟಿ ದಂಡಿ ಮ್ಯಾಲ ಮೊದಲ ಸಲ ಗಾಳಿಗೆ ಬಿಟ್ಟಾಗ... ಅರಿವಿ ಪಟಪಟ ಅನ್ನಬೇಕಲ್ಲಾ? ನನ್ನ ಕೈಲೆ ಹೊಲದ ಅರಿವಿ ಅದು! ಅದು ಧಡ್ ಅಂತು. ಬಾಗಲಾ ಬಡದಂಗ. ಬಸಂತರಾಯನ ಮುಖಾ ನೋಡಿದೆ. ಹಾಲಿನಂಗ ಬೆಳ್ಳಗಾಗಿತ್ತು. ಅಂವಗ ತಿಳದಿತ್ತು. ತಿಳದೂ ಸೊಕ್ಕ ಬಿಡಲಿಲ್ಲ.

ಸೀಗಿ ಹುಣ್ಣಿಮಿ ದಿನ ದೋಣಿ ನೀರಿಗಿಳಸೂದಂತ ಆತು. ಭೂಮಿತಾಯಿಗೆ ಉಡಿ ತುಂಬೂ ದಿವಸ, ಹಿನ್ನೀರ ತುಂಬಿ ತುಳಕಾಕತ್ತಿತ್ತು. ಊರಿಗೂರು ದಂಡಿಗೆ ನೆರೀತು. ಹೊಸಾ ಟ್ರ್ಯಾಕ್ಟರ ತಂದ್ರ ಗಾಲಿಗೆ ಲಿಂಬಿಹಣ್ಣ ಇಡ್ತಾರ. ದೋಣಿಗೆ ಏನ ಮಾಡಬೇಕು, ಯಾರಿಗೂ ಗೊತ್ತಿಲ್ಲ. ಆಗ ಬಸಂತರಾಯ, ಎಲ್ಲಾರೂ ಫೋನ ಹಿಡದ ನಿಂತಾರಲ್ಲಾ, ಮೀಸಿ ತಿರುವಿ ಅಂದ: "ಮನಿ ಮಗಳಿದ್ದಂಗ ಇದು. ಉಡಿ ತುಂಬಿ ಕಳಿಸ್ರಿ."

ಕೇಳಿದ್ರೇನ್ರಿ? ಉಡಿ ತುಂಬಿ ಕಳಿಸ್ರಿ ಅಂದ! ಬೆನ್ನಿಗೆ ಬಿದ್ದ ತಂಗಿಗೆ ಒಂದ ಹಿಡಿ ಅಕ್ಕಿ ಹಾಕಲಾರದಾಂವಾ, ಅದ ಹೊಸ್ತಲ ಮ್ಯಾಲ, ಕಟಗಿಗೆ ಉಡಿ ತುಂಬಿಸಿದ. ಐದು ಮುತ್ತೈದೇರು ಕಂಬದ ಬುಡಕ್ಕ ಅಕ್ಕಿ, ಕೊಬ್ಬರಿ ಬಟ್ಟಲಾ, ಅರಿಷಿಣ ಬೇರ ಹಾಕಿ ಹಸರ ಖಣದಾಗ ಗಂಟ ಕಟ್ಟಿದ್ರು. ನನ್ನ ಹೊಟ್ಟಿ ಉರದ ಹೋತು. ನನ್ನದ ಹಿಂಗ ಆದ್ರ, ಆ ಹಡದಾಕಿದು ಹೆಂಗ ಆಗಿರಬೇಕು?

"ಆಯಿ, ಹಾಯಿ ಹೊಲದಾಕಿ ನೀ. ನೀ ಮೊದಲ ಕುಂದ್ರಬೇಕು" ಅಂತ ಅನಿಲ ಕೈ ಹಿಡದ. ಕುಂತೆ. ಬಸಂತರಾಯ ಬೂಟಗಾಲಲೆ ಹೊಸ್ತಲ ಮ್ಯಾಲ ಹೆಜ್ಜಿ ಇಟ್ಟ ಕಂಬ ಹಿಡಕೊಂಡ ನಿಂತ. ಅನಿಲ ಹಿಂದ ಚುಕ್ಕಾಣಿ ಹಿಡದ. ದಂಡ್ಯಾಗಿನ ಹೆಣ್ಣಮಕ್ಕಳು "ಹೋಗಿ ಬಾರವ್ವಾ" ಅಂತ ದೋಣಿ ನೂಕಿದ್ರು.

ಹೋತು. ಆದ್ರ ಎಲ್ಲಿಗೆ? ಗಾಳಿ ಮೂಡಲದಿಂದ ಬೀಸಾಕತ್ತೇತಿ, ದೋಣಿ ಮೂಡಲಕ್ಕ ಹೊಂಟೇತಿ. ಅನಿಲ ಚುಕ್ಕಾಣಿ ತಿರುವತಾನ, ಹಾಯಿ ಸಡಲ ಬಿಡ್ತಾನ, ಬಿಗೀತಾನ... ಉಹೂಂ. ತವರಿನ ದಾರಿ ಗೊತ್ತಿದ್ದ ಹೆಣ್ಣಮಗಳಂಗ ನೆಟ್ಟಗ ಹೋಗಿ ಒಂದ ಕಡೆ ಗಪ್ಪನ ನಿಂತಿತು. ಹಾಯಿ ತುಂಬೇತಿ, ದೋಣಿ ಅಳ್ಳಾಡವಲ್ದು. ಎಲ್ಲಿ ನಿಂತೇತಿ ಅಂತ ನಾನೇನ ಕೇಳಬೇಕಿದ್ದಿಲ್ಲ. ಹಳೇ ಗುಡಿ ಕಳಸ ಒಂದ ಕಡೆ ನೀರ ಮ್ಯಾಲ ಇಣಿಕಿ ಹಾಕತಿತ್ತು, ನಮ್ಮ ಓಣಿ ಹುಣಸಿಮರದ ಒಣಾ ತುದಿ ಇನ್ನೊಂದ ಕಡೆ. ನಡುವ ದೊಡ್ಡ ಮನಿ.

ಆಗ ಕೆಳಗಿಂದ ಬಡದ್ರು. ಟಕ್... ಟಕ್... ದೋಣಿ ಬುಡಕ್ಕ, ಹೊಸ್ತಲಕ್ಕ. ಹಾಡಹಗಲು, ಸೂರ್ಯಾ ನೆತ್ತಿ ಮ್ಯಾಲ, ದಂಡ್ಯಾಗ ಅಷ್ಟ ಮಂದಿ! ನಾ ಬಗ್ಗಿ ನೀರಾಗ ನೋಡಿದೆ. ನನ್ನ ಮುಖಾ ಕಾಣಬೇಕಿತ್ತು. ಕಂಡದ್ದು ರುಕ್ಮವ್ವನ ಮುಖಾ. ಮಣ್ಣಿಗಿಡುವಾಗ ಹೆಂಗಿತ್ತೋ ಹಂಗ, ಹಲ್ಲ ಕಚಗೊಂಡು. ತುಟಿ ಅಳ್ಳಾಡಿದ್ವು. ನೀರಾಗಿನ ಮಾತು ನನಗ ಕೇಳಲಿಲ್ಲ, ಆದ್ರ ತಿಳೀತು. "ಬಾಗಲಾ ತಗಿಯೋ ಬಸೂ."

ಕಂಬದ ತೂತಿನಿಂದ ನೀರ ಉಕ್ಕಾಕ ಹತ್ತಿತು. ಅನಿಲ ಅಂಗಿ ಕಳದ ತುರಕಿದ, ನಿಲ್ಲಲಿಲ್ಲ. ನಾ ಬಸಂತರಾಯಗ ಕೈ ಮುಗದೆ. ಸಿಟ್ಟ ನುಂಗಿ ಮುಗದೆ. "ಆ ಉಡಿ ಗಂಟ ಬಿಚ್ಚಿ ನಿನ್ನ ತಂಗಿ ಹೆಸರಲೆ ನೀರಿಗೆ ಹಾಕು. ಬಾರವ್ವಾ ಅಂತ ಒಂದ ಮಾತ ಅನ್ನು. ಒಂದ ಮಾತು! ನಿನ್ನ ಮಗ ಮುಳಗತಾನ" ಅಂದೆ. ಅಂವಾ ದಂಡಿ ಕಡೆ ನೋಡಿದ. ಏನಂದ ಗೊತ್ತೈತೇನು? "ಮಂದಿ ನೋಡಾಕತ್ತಾರ" ಅಂದ. ಥೂ ನಿನ್ನ!

ಅನಿಲ ಕಾಯಲಿಲ್ಲ. ಗಂಟ ಬಿಚ್ಚಿದ. "ಅತ್ತಿ, ನಿಂದಿದು, ತಗೋ. ಮನಿಗಿ ಬಾ" ಅಂತ ಎರಡೂ ಕೈಲೆ ನೀರಿಗಿಟ್ಟ. ಖಣ ತೇಲಲಿಲ್ಲ, ಮುಳಗಲಿಲ್ಲ. ಕೆಳಗಿಂದ ಒಂದ ಕೈ ಬಂದು ಹಿಡೀತು ಮಾಸ್ತರ... ಮುಂಗೈಯಾಗ ಹಸರ ಬಳಿ, ಅರ್ಧಾ ಒಡದದ್ದು. ಬಡಿಯೂದು ನಿಂತಿತು. ನೀರ ಉಕ್ಕೂದು ನಿಂತಿತು. ನೀರಾಗಿನ ರುಕ್ಮವ್ವನ ಮುಖಾ ಮೊದಲ ಸಲ ಸಡಲ ಆತು. ಅಲ್ಲಿಗೆ ಮುಗೀತಿತ್ತು ನೋಡ್ರಿ. ಅಲ್ಲಿಗೆ ಎಲ್ಲಾ ಮುಗೀತಿತ್ತು.

ಆದ್ರ ಈ ಸೊಕ್ಕಿನಾಂವಾ "ಯಾರನ್ನ ಕೇಳಿ ಕೊಟ್ಟಿ?" ಅಂತ ಮಗನ ಕಪಾಳಕ್ಕ ಹೊಡದ. ಹೊಡದು, ಬಗ್ಗಿ, ಆ ಕೈಯಾಗಿನ ಖಣ ಕಸಗೊಳ್ಳಾಕ ಹೋದ. ತಂಗಿ ಉಡಿಗೆ ಕೈ ಹಾಕಿದ!

ಯಾರೂ ಎಳೀಲಿಲ್ಲ ಅಂವನ್ನ. ಖರೆ ಹೇಳ್ತೇನಿ, ಎಳೀಲಿಲ್ಲ. ಕೆಳಗ ಚಿಲಕಾ ಸರದದ್ದು ಕೇಳಿತು. ಬಾಗಲಾ ಕಿರ್ರ್ ಅಂದದ್ದು ಕೇಳಿತು. ನೀರ ಎರಡ ಪಾಲಾಗಿ ತಗೀತು, ಅಂವಾ ಒಳಗ ಹೋದ, ಧಡ್ ಅಂತ ಮುಚ್ಚಿತು. ಚಿಲಕಾ ಬಿತ್ತು. ಮ್ಯಾಲ ಒಂದ ಗುಳ್ಳಿ ಏಳಲಿಲ್ಲ.

ಆಮ್ಯಾಲ ಗಾಳಿ ಬಂತು, ನಮ್ಮಿಬ್ಬರನ್ನ ತಾನ ದಂಡಿಗೆ ಮುಟ್ಟಿಸಿತು ದೋಣಿ. ಮೀನಗಾರರು ತೆಪ್ಪ ಹಾಕಿ ಬಲಿ ಬಿಟ್ಟು ಹುಡುಕಿದ್ರು, ಹೆಣ ಸಿಗಲಿಲ್ಲ. ಮುಂದಿನ ಬ್ಯಾಸಿಗ್ಯಾಗ ನೀರ ಇಳದಾಗ ದೊಡ್ಡ ಮನಿ ಒಳಗ ಅಂವಂದ ಒಂದ ಬೂಟ ಸಿಕ್ಕಿತು. ಬಾಗಲಾ ಇಲ್ಲದ ಮನಿ, ಹೊರಗ ಬರಾಕ ಏನ ಅಡ್ಡಿ ಇತ್ತು ಅಂವಗ? ನೀವ ಹೇಳ್ರಿ.

ಅನಿಲ ದೋಣಿಗೆ ಬೆಂಕಿ ಹಚ್ಚಿದ. ನಾ ಹೊಲದ ಹಾಯಿ ಸುಟ್ಟಿತು, ಹಲಗಿ ಸುಟ್ಟವು, ಕಂಬ ಸುಟ್ಟಿತು. ಹಸೇ ಕಟಗಿ ಒಂದ ಉಳೀತು. ಅದನ್ನ ದಂಡ್ಯಾಗ ಬಿಟ್ಟ, ಊರನ್ನೂ ಬಿಟ್ಟ. ಈಗ ಮಸೂತಿ ಅನ್ನೂ ಊರಾಗ ಬಾಗಲಾ-ಕಿಡಕಿ ಮಾಡ್ತಾನಂತ. ಚಿಲಕಾ ಮಾತ್ರ ಯಾರ ಬಾಗಲಕ್ಕೂ ಹಚ್ಚಂಗಿಲ್ಲಂತ.

*

ಆಯಿ ಬಿಗಿದ ಸೆರಗನ್ನು ಸಡಿಲಿಸಿದಳು. ಮಳೆ ಸ್ವಲ್ಪ ಇಳಿದಿತ್ತು. ಕಂದೀಲಿನ ಬತ್ತಿ ಚಿರಿಗುಟ್ಟುವುದು ಕೇಳುತ್ತಿತ್ತು.

"ಮತ್ತ ಆ ಕಟಗಿ, ಆಯಿ?" ಎಂದಳು ಸಿದ್ದೀಕಾ.

ಆಯಿ ಅವಳ ಕಡೆ ತಿರುಗಲಿಲ್ಲ. ಮಲ್ಲಣ್ಣನನ್ನೇ ನೋಡುತ್ತಿದ್ದಳು. ಮಲ್ಲಣ್ಣ ಹೆಗಲ ಮೇಲಿನ ಟವೆಲಿನಿಂದ ಒಂದಲ್ಲ ಎರಡು ಸಲ ಮುಖ ಒರೆಸಿಕೊಂಡ.

"ಪುಕ್ಕಟ ಬಿದ್ದಿತ್ತು ಆಯಿ," ಎಂದ ಕೊನೆಗೆ, ಕೇಳಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ. "ಒಳ್ಳೆ ಸಾಗವಾನಿ... ತೂತ ಒಂದಿತ್ತು, ಸಿಮೆಂಟ ಹಾಕಿ ಮುಚ್ಚಿದೆ."

ನನ್ನ ಬೆರಳು ಇನ್ನೂ ಆ ಚೌಕ ತೇಪೆಯ ಅಂಚಿನ ಮೇಲೆಯೇ ಇತ್ತು. ಎದ್ದೆನೋ ಹಾರಿದೆನೋ ನನಗೇ ತಿಳಿಯಲಿಲ್ಲ. ನಿಂತು ನೋಡಿದರೆ ನಾನು ಕುಳಿತ ಜಾಗ ಒದ್ದೆಯಾಗಿತ್ತು, ನನ್ನ ಧೋತರವೂ ಒದ್ದೆಯಾಗಿತ್ತು. ಇರಚಲು ಆ ಕಡೆಯಿಂದ ಹೊಡೆದಿರಲೇ ಇಲ್ಲ.

ಟಕ್... ಟಕ್...

ಈ ಸಲ ಸದ್ದು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಹೊಸ್ತಿಲಿಗೆ ಒತ್ತಿ ನೆಲದ ಮೇಲೆ ಬಿದ್ದಿದ್ದ ಹಿಟ್ಟು ಒಂದೊಂದು ಹೊಡೆತಕ್ಕೂ ಮೇಲೆದ್ದು ಬೀಳುತ್ತಿತ್ತು. ಸಿದ್ದೀಕಾ ಆಯಿಯ ತೋಳು ಹಿಡಿದು, ಅಳುವ ದನಿಯಲ್ಲಿ, "ರುಕ್ಮವ್ವ ಇನ್ನೂ ಬಡಿಯಾಕತ್ತಾಳೇನು ಆಯಿ? ಯಾರರೆ ಹಾರಿಲೆ ಎಬ್ಬಿ ತಗೀರಿ, ಪಾಪ" ಎಂದಳು. ಮಲ್ಲಣ್ಣ ಮೂಲೆಯಲ್ಲಿದ್ದ ಹಾರೆಗೆ ಕೈ ಹಾಕಿದ.

"ಮುಟ್ಟಬ್ಯಾಡ!" ಆಯಿ ಗುಡುಗಿದಳು. ನಂತರ ದನಿ ಇಳಿಸಿ, ಪ್ರತಿ ಮಾತನ್ನೂ ಅಗಿದು ಅಗಿದು ಹೇಳಿದಳು:

"ರುಕ್ಮವ್ವ ಅಲ್ಲಬೇ ಅದು. ಆಕಿ ಮಗಳ ಕೈ ಹಿಡಕೊಂಡ ಆವತ್ತ ಹೋದ್ಲು. ಈಗ ಬಡಿಯಾಕತ್ತಾಂವಾ ಅಂವಾ. ಮಳಿ ಬಂತಂದ್ರ ಬಡೀತಾನ, ಬಾಗಲಾ ತಗೀರಿ ಅಂತ... ಬಡೀಲಿ. ಬೆಳಕ ಹರಿಯೂ ಮಟಾ ಬಡೀಲಿ. ಇಡೀ ಓಣಿ ಕೇಳಲಿ. ಯಾರೂ ಏಳಬ್ಯಾಡ್ರಿ."